ಒಂದೇ ಜ್ಞಾನಸ್ನಾನ, ಎರಡು ಪಂಕ್ತಿ
ಧರ್ಮಪುರಿಯ ನಮ್ಮ ಮನೆಯಲ್ಲಿ ನಾನು ಕಥೋಲಿಕ, ನನ್ನಾಕೆ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯವಳು. ಅವಳ ಜ್ಞಾನಸ್ನಾನವನ್ನು ನಮ್ಮ ಧರ್ಮಸಭೆ ಒಪ್ಪುತ್ತದೆ. ಆದರೆ ಬಲಿಪೂಜೆಯಲ್ಲಿ ಪರಮಪ್ರಸಾದದ ಹೊತ್ತಿಗೆ ಅವಳು ಬೆಂಚಿನಲ್ಲೇ ಉಳಿಯುತ್ತಾಳೆ. ಈ ನೋವು ನನಗೆ ಸಣ್ಣದಲ್ಲ.

ನೆರೆಯ ಸೇಲಂಗೆ 1623ರಲ್ಲಿ ಕಥೋಲಿಕ ಪಾದ್ರಿ ಡಿ ನೊಬಿಲಿ ಬಂದರು, 1827ರಲ್ಲಿ ಪ್ರೊಟೆಸ್ಟಂಟರ ಲಂಡನ್ ಮಿಷನ್. ಅಂದಿನಿಂದ ದಾರಿ ಎರಡು. ಪೋಪರ ಅಧಿಕಾರ, ಯಾಜಕ ದೀಕ್ಷೆ, ಮರಿಯಮ್ಮನವರ ಭಕ್ತಿ: ಭೇದಗಳು ನಿಜವೇ. ಆದರೆ ಬಿಷಪರು ಬೇಕೆಂಬ ಆಂಗ್ಲಿಕನರೂ ಬೇಡವೆಂದಿದ್ದ ಸಭೆಗಳೂ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾಗಿ ಸಿ.ಎಸ್.ಐ. ಆದವು, ಹಳೆಯ ಪಾದ್ರಿಗಳಿಗೆ ಮರುದೀಕ್ಷೆ ಕೊಡದೆಯೇ! ಕೃಪೆಯಿಂದಲೇ ರಕ್ಷಣೆ ಎಂಬುದನ್ನು ರೋಮ್ ಮತ್ತು ಲೂಥೆರನರು 1999ರಲ್ಲಿ ಜೊತೆಯಾಗಿ ಒಪ್ಪಿ ಸಹಿ ಹಾಕಿದರು.

ಎಲ್ಲ ವಾದ ಮುಗಿಯುವವರೆಗೆ ಕಾಯಬೇಕಿಲ್ಲ. ನಮ್ಮಂಥ ದಂಪತಿಗಳನ್ನಾದರೂ ಒಂದೇ ಪಂಕ್ತಿಗೆ ಕರೆಯಿರಿ ಎಂದು ಸೇಲಂ, ಧರ್ಮಪುರಿಯ ಧರ್ಮಾಧ್ಯಕ್ಷರನ್ನು ಬೇಡುತ್ತೇನೆ.