ಚೀಟಿ ಎತ್ತಿದರೆ ನ್ಯಾಯವಾಯಿತೇ?

ಸ್ವಿಟ್ಜರ್‌ಲೆಂಡಿನಲ್ಲಿ ಆಶ್ರಯ ಕೇಳಿ ಬಂದವರು ತಮಗಿಷ್ಟವಾದ ಊರನ್ನು ಆರಿಸಿಕೊಳ್ಳುವಂತಿಲ್ಲ. ಅಲ್ಲಿನ 26 ಕ್ಯಾಂಟನ್‌ಗಳಿಗೆ, ಅಂದರೆ ರಾಜ್ಯಗಳಿಗೆ, ಜನಸಂಖ್ಯೆಯ ಪ್ರಮಾಣದಲ್ಲಿ ಅವರನ್ನು ಹಂಚುತ್ತಾರೆ. ಹತ್ತಿರದ ಬಂಧುಗಳು ಇದ್ದರೆ ಲೆಕ್ಕ ಬೇರೆ. ಇಲ್ಲವಾದರೆ ಬಹುಕಾಲ ಅದು ಚೀಟಿ ಎತ್ತಿದ ಹಾಗೆಯೇ ಇತ್ತು. ಫ್ರೆಂಚ್ ಬಲ್ಲ ಆಫ್ರಿಕದವರೊಬ್ಬರು ಜರ್ಮನ್ ಆಡುವ ಸೀಮೆಗೆ ಹೋಗಿ ಬೀಳಬಹುದಿತ್ತು. 2018ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಜ್ಯೂರಿಕ್‌ನ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಲ್ಗಾರಿದಮ್ಮನ್ನು, ಅಂದರೆ ಯಂತ್ರ ಲೆಕ್ಕ ಹಾಕಿ ಹಂಚುವ ವಿಧಾನವನ್ನು, ಮುಂದಿಟ್ಟರು. ಯಾವ ವಯಸ್ಸಿನ, ಯಾವ ದೇಶದ, ಯಾವ ಭಾಷೆಯ ಜನಕ್ಕೆ ಎಲ್ಲಿ ಕೆಲಸ ಸಿಕ್ಕಿತೆಂದು ಅದು ಹಳೆಯ ದಾಖಲೆಗಳಿಂದ ಕಲಿತಿತ್ತು. ಅದರಂತೆ ಹಂಚಿದ್ದರೆ, ಬಂದ ಮೂರನೆಯ ವರ್ಷ ದುಡಿಮೆಯಲ್ಲಿರುವವರ ಪ್ರಮಾಣ ಶೇ. 15ರಿಂದ ಸುಮಾರು 26ಕ್ಕೆ ಏರುತ್ತಿತ್ತೆಂದು ಅವರ ಅಂದಾಜು.

ಮನುಷ್ಯನ ಹಣೆಬರಹವನ್ನು ಯಂತ್ರ ಬರೆಯಬಾರದು, ಚೀಟಿಗಾದರೂ ಪಕ್ಷಪಾತವಿಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಚೀಟಿ ನ್ಯಾಯವಾಗುವುದು ಹಂಚುವ ವಸ್ತು ಎಲ್ಲರಿಗೂ ಒಂದೇ ಬೆಲೆಯದಾಗಿದ್ದಾಗ. ಒಬ್ಬರಿಗೆ ಬದುಕು ಕಟ್ಟಿಕೊಡುವ ಊರು ಮತ್ತೊಬ್ಬರನ್ನು ಮೂಕರನ್ನಾಗಿಸುತ್ತದೆ. ಇದು ತಿಳಿದ ಮೇಲೂ ಕಣ್ಣುಮುಚ್ಚಿ ಹಂಚಿದರೆ ಅದು ನಿಷ್ಪಕ್ಷಪಾತವಲ್ಲ, ಉದಾಸೀನ. ಆಯ್ಕೆಯ ಸ್ವಾತಂತ್ರ್ಯವನ್ನು ಕಿತ್ತುಕೊಂಡಿದ್ದೂ ಯಂತ್ರವಲ್ಲ, ಅದಕ್ಕೂ ಮೊದಲೇ ಇದ್ದ ಕಾನೂನು. ಸ್ವತಃ ನಿರಾಶ್ರಿತೆಯಾಗಿದ್ದ ಚಿಂತಕಿ ಹನ್ನಾ ಅರೆಂಟ್ 1943ರಲ್ಲೇ ಬರೆದಂತೆ, ಕಸುಬು ಕಳೆದುಕೊಂಡವರು ಈ ಲೋಕಕ್ಕೆ ತಮ್ಮಿಂದ ಏನಾದರೂ ಉಪಯೋಗವಿದೆ ಎಂಬ ನಂಬಿಕೆಯನ್ನೂ ಕಳೆದುಕೊಳ್ಳುತ್ತಾರೆ. ಆ ನಂಬಿಕೆ ಮರಳಿ ಸಿಗುವ ದಾರಿ ಗೊತ್ತಿದ್ದೂ ಬಿಟ್ಟುಬಿಡುವುದು ತಪ್ಪೆಂದೇ ನನ್ನ ನಿಲುವು.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಆಕ್ಷೇಪ: ಯಂತ್ರ ಯಾವುದನ್ನು ಒಳಿತೆಂದು ಎಣಿಸುತ್ತದೆ? 2018ರ ಆ ಅಧ್ಯಯನ ಕುಟುಂಬವೊಂದರಲ್ಲಿ ಕನಿಷ್ಠ ಒಬ್ಬರಿಗೆ ಕೆಲಸ ಸಿಗುವ ಸಂಭವವನ್ನು ಅಳತೆಗೋಲು ಮಾಡಿಕೊಂಡಿತು. ಗಂಡನಿಗೆ ಕೆಲಸ ಸಿಗುವ ಊರಿನಲ್ಲಿ ಹೆಂಡತಿಯ ವಿದ್ಯೆಗೆ ಬಾಗಿಲು ಮುಚ್ಚಿದ್ದರೂ ಆ ಲೆಕ್ಕದಲ್ಲಿ ಅದು ಗೆಲುವೇ. ಒಟ್ಟು ಮೊತ್ತವನ್ನು ಹೆಚ್ಚಿಸುವುದೊಂದೇ ಗುರಿಯಾದರೆ ಇನ್ನೊಂದು ಅಪಾಯವೂ ಉಂಟು. ಎಲ್ಲಿಗೆ ಹೋದರೂ ಹೆಚ್ಚು ವ್ಯತ್ಯಾಸವಾಗದ ವೃದ್ಧೆಗೆ, ಓದುಬರಹ ಬಾರದವರಿಗೆ, ಉಳಿದವರಿಗೆ ಹಂಚಿ ಮಿಕ್ಕ ಜಾಗ ಸಿಗುತ್ತದೆ. ಅತಿ ದುರ್ಬಲರ ಸ್ಥಿತಿಯಿಂದಲೇ ವ್ಯವಸ್ಥೆಯ ನ್ಯಾಯವನ್ನು ಅಳೆಯಬೇಕೆಂಬ ತತ್ತ್ವಜ್ಞಾನಿ ಜಾನ್ ರಾಲ್ಸ್ ಅವರ ವಿಚಾರ ಇಲ್ಲಿ ನೇರವಾಗಿ ತಾಗುತ್ತದೆ. ಹಳೆಯ ದಾಖಲೆಗಳಲ್ಲಿ ಮಾಲೀಕರ ತಾರತಮ್ಯವೂ ಅಡಗಿರುತ್ತದೆ. ಅದನ್ನು ಕಲಿತ ಯಂತ್ರ, ಕೆಲವರಿಗೆ ಕೆಲಸ ಸಿಗದ ಊರಿಗೆ ಅಂಥವರು ಮುಂದೆಯೂ ಹೋಗದಂತೆ ಮಾಡಬಹುದು.

ಹಾಗೆಂದು ಮತ್ತೆ ಚೀಟಿಗೆ ಮರಳಬೇಕಿಲ್ಲ. ಗುರಿಯನ್ನು ತಿದ್ದಬಹುದು: ಮನೆಯ ಪ್ರತಿಯೊಬ್ಬ ವಯಸ್ಕರನ್ನೂ ಎಣಿಸಬಹುದು, ಯಾರ ಪಾಲೂ ಇಂತಿಷ್ಟಕ್ಕಿಂತ ಕುಸಿಯದಂತೆ ಮಿತಿ ಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬಂದವರನ್ನೇ ಕೇಳಬಹುದು. ಜರ್ಮನಿಯ ಹಿಲ್ಡೆಸ್‌ಹೈಮ್ ಮತ್ತು ಎರ್ಲಾಂಗೆನ್-ನ್ಯೂರೆನ್‌ಬರ್ಗ್ ವಿಶ್ವವಿದ್ಯಾಲಯಗಳ ‘ಮ್ಯಾಚ್‌ಇನ್’ ಯೋಜನೆ ನಾಲ್ಕು ರಾಜ್ಯಗಳಲ್ಲಿ ಈ ದಾರಿ ಹಿಡಿಯಿತು. ನಿರಾಶ್ರಿತರ ಅಗತ್ಯ ಮತ್ತು ಇಚ್ಛೆಯನ್ನು ಕೇಳಿ, ಊರುಗಳ ಅನುಕೂಲಗಳೊಂದಿಗೆ ಅದನ್ನು ಹೊಂದಿಸಿ ನೋಡಿತು. ಕೇಳಿದ್ದೆಲ್ಲ ಸಿಗದಿರಬಹುದು. ಆದರೂ, ತನ್ನ ಬಾಳಿನ ಬಗ್ಗೆ ತಾನು ಹೇಳಿದ ಮಾತು ಆ ಲೆಕ್ಕದೊಳಗೆ ಸೇರಿತೆಂಬುದು, ಓಡಿಸಲ್ಪಟ್ಟು ಬಂದವರಿಗೆ ಸಣ್ಣ ಸಂಗತಿಯಲ್ಲ.