ಆತ್ಮರಕ್ಷಣೆಯ ಬಂದೂಕು ಯಾರನ್ನು ಕಾಯುತ್ತದೆ?

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಎದುರಿಗೇ ಗುಂಡಿಗೆ ಬಲಿಯಾದರು. ಅಂದಿನಿಂದ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಎಡಪಂಥೀಯ ಗೆಳೆಯರು ಚಹಾಕ್ಕೆ ಕೂತಾಗ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ನಮ್ಮವರೂ ಲೈಸೆನ್ಸ್ ಪಡೆದು ಒಂದು ಬಂದೂಕು ಇಟ್ಟುಕೊಂಡರೆ ತಪ್ಪೇನು? ಹೊಡೆಯುವವನ ಕೈಯಲ್ಲಿ ಪಿಸ್ತೂಲು, ಸಾಯುವವನ ಕೈಯಲ್ಲಿ ಬರೀ ಪೆನ್ನು, ಇದು ಯಾವ ನ್ಯಾಯ?

ಅಹಿಂಸೆಯ ಹೆಸರು ಹೇಳಿ ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಜೀವ ಉಳಿಸಿಕೊಳ್ಳುವ ಹಕ್ಕನ್ನು ಹಳೆಯ ದಂಡಸಂಹಿತೆಯೂ ಒಪ್ಪಿತ್ತು, 2024ರ ಜುಲೈನಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯೂ ಒಪ್ಪಿದೆ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು ಎಂಬ ಮಿತಿಯೂ ಇದೆ. ಧರ್ಮವೂ ಒಪ್ಪಿದೆ, ತನ್ನ ಪ್ರಾಣ, ಸೊತ್ತು ಕಾಯುತ್ತ ಸತ್ತವನು ಹುತಾತ್ಮ ಎಂಬುದು ಪ್ರವಾದಿ(ಸ)ಯವರ ಬೋಧನೆ. ಆದರೆ ಆದಮರ ಇಬ್ಬರು ಪುತ್ರರ ಕಥೆ ಹೇಳುವ ಕುರ್‌ಆನ್, ಕೊಲ್ಲಲು ಬಂದ ಸೋದರನ ಮೇಲೆ ಕೈ ಎತ್ತಲೊಲ್ಲದವನನ್ನೂ ನಮ್ಮ ಮುಂದೆ ನಿಲ್ಲಿಸುತ್ತದೆ. ಹಕ್ಕು ಇದೆ ಎಂಬುದು ಒಂದು ಮಾತು. ಅದನ್ನು ಹೇಗೆ ಚಲಾಯಿಸಬೇಕೆಂಬುದು ಇನ್ನೊಂದು.

ಬಂದೂಕು ಬೇಕು ಎನ್ನುವವರ ವಾದಕ್ಕೆ ಬಲವಾದ ಆಧಾರ ಕಾನೂನಿನಲ್ಲೇ ಇದೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ ಪ್ರಕಾರ, ಅಗತ್ಯವೆನಿಸಿದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಬಂದೂಕಿನ ಲೈಸೆನ್ಸ್ ಕೊಡಬಹುದು. ಆದರೆ ಅದೇ ನಿಯಮದಲ್ಲಿ ಅದಕ್ಕೂ ಮೊದಲು ಬರುವ ಮಾತುಗಳನ್ನು ನಾವು ಓದುವುದೇ ಇಲ್ಲ. ದೌರ್ಜನ್ಯದ ಭೀತಿಯಿರುವ ಕಡೆ ಅಗತ್ಯವೆನಿಸಿದರೆ ಪರಿಶಿಷ್ಟರಲ್ಲದವರ ಲೈಸೆನ್ಸ್ ರದ್ದುಪಡಿಸಿ ಬಂದೂಕುಗಳನ್ನು ಸರ್ಕಾರಿ ಶಸ್ತ್ರಾಗಾರದಲ್ಲಿ ಇಡಿಸಬೇಕು, ಅಕ್ರಮ ಆಯುಧಗಳನ್ನು ವಶಪಡಿಸಿಕೊಳ್ಳಬೇಕು. ಅಂದರೆ ಬಲಿಷ್ಠನ ಕೈಯಿಂದ ಆಯುಧ ಇಳಿಸುವುದು ಮೊದಲು, ದುರ್ಬಲನಿಗೆ ಕೊಡುವುದು ಆಮೇಲೆ. ಚಳವಳಿಗಾರರು ಹಿಡಿದು ಕೇಳಬೇಕಾದದ್ದು ಈ ಮೊದಲನೆಯದನ್ನು.

ಏಕೆಂದರೆ ಎಲ್ಲರಿಗೂ ಬಂದೂಕು ಎಂದಾಗ ಅದು ಮೊದಲು ಯಾರ ಮನೆ ಸೇರುತ್ತದೆ? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಈ ಸೀಮೆಯಲ್ಲಿ ಜಮೀನು, ರೈಸ್ ಮಿಲ್ಲು, ರಾಜಕೀಯ ಒಂದರ ಬೆನ್ನಿಗೆ ಇನ್ನೊಂದು ಬಂದವು. ಅರ್ಜಿ ಹಿಡಿದು ಜಿಲ್ಲಾ ಕಚೇರಿಗೆ ಅಲೆಯುವ ತಾಕತ್ತು ಇರುವುದು ಅಂಥವರಿಗೆ. ಭತ್ತದ ನಾಟಿಗೆ ಹೋಗುವ ಕೂಲಿ ಹೆಣ್ಣುಮಗಳಿಗಲ್ಲ.

ಈ ನೆಲಕ್ಕೆ ಇತಿಹಾಸದ ಪಾಠವೂ ಇದೆ. ನಿಜಾಮರ ಆಳ್ವಿಕೆಯ ಕೊನೆಯಲ್ಲಿ ರಜಾಕಾರರು ಬಂದೂಕು ಎತ್ತಿದ್ದು ಸಂಸ್ಥಾನದ ಮುಸ್ಲಿಮರ ರಕ್ಷಣೆಯ ಹೆಸರಿನಲ್ಲಿ. ಅವರು ಹಳ್ಳಿಗಳನ್ನು ಲೂಟಿ ಮಾಡಿದರು. ಅವರನ್ನು ವಿರೋಧಿಸಿ ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಕೊಲೆಯಾದರು. ಮರುತಿಂಗಳು ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದರ ನಂತರದ ಹಿಂಸೆಯಲ್ಲಿ 27ರಿಂದ 40 ಸಾವಿರ ಜನ ಸತ್ತಿರಬಹುದೆಂದು ಸುಂದರಲಾಲ್ ಸಮಿತಿ ಅಂದಾಜಿಸಿತು. ರಕ್ಷಣೆಯ ಹೆಸರಿನ ಬಂದೂಕಿಗೆ ಬೆಲೆ ತೆತ್ತವರು ಬಂದೂಕು ಮುಟ್ಟದ ಬಡ ಮುಸ್ಲಿಮರು.

ಎಡಪಕ್ಷದ ಕಥೆ ಬೇರೆ, ಆದರೆ ಪಾಠ ಹತ್ತಿರದ್ದೇ. ತೆಲಂಗಾಣದ ರೈತರು ದೇಶಮುಖರ ಗೂಂಡಾಗಳಿಂದ ಪಾರಾಗಲು ಮೊದಲು ಎತ್ತಿದ್ದು ದೊಣ್ಣೆ, ಕವಣೆ, ಆಮೇಲೆ ಬಂದೂಕು. ಆ ಸಶಸ್ತ್ರ ಹೋರಾಟವನ್ನು 1951ರಲ್ಲಿ ಪಕ್ಷವೇ ಹಿಂತೆಗೆದುಕೊಂಡಿತು. ಅದರಲ್ಲಿದ್ದ ಕವಿ ಮಖ್ದೂಮ್ ಮೊಹಿಯುದ್ದೀನ್ ನಂತರ ಶಾಸನಸಭೆಗೆ ಬಂದರು. ಮಲೆನಾಡಿನಲ್ಲಿ 2005ರಲ್ಲಿ ಸಾಕೇತ್ ರಾಜನ್, 2024ರ ನವೆಂಬರ್‌ನಲ್ಲಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತರು. 2025ರ ಜನವರಿಯಲ್ಲಿ ಆರು ಮಂದಿ ಕಾಡು ಬಿಟ್ಟು ಬಂದರು. ಅವರಲ್ಲೊಬ್ಬರು ನಮ್ಮದೇ ರಾಯಚೂರು ಜಿಲ್ಲೆಯವರು. ಹೀಗೆ ಹೊರಬರುವ ದಾರಿಗಾಗಿ ದುಡಿದವರಲ್ಲಿ ಗೌರಿಯೂ ಒಬ್ಬರೆಂಬುದನ್ನು ಮರೆಯಬಾರದು.

ಇನ್ನು ಮನೆಯಲ್ಲಿಟ್ಟ ಬಂದೂಕು ಏನು ಮಾಡೀತು? ದಾಭೋಲ್ಕರ್, ಪನ್ಸಾರೆ ಬೆಳಗಿನ ನಡಿಗೆಗೆ ಹೋದಾಗ ಗುಂಡು ತಗುಲಿತು. ಕಲಬುರ್ಗಿಯವರು ಮನೆಗೆ ಬಂದವನನ್ನು ಮಾತಾಡಿಸಲು ಬಾಗಿಲಿಗೆ ಬಂದಿದ್ದರು. ಕೊಲೆಗಾರ ಹೊತ್ತು ತಿಳಿಸಿ ಬರುವುದಿಲ್ಲ. ಅವನನ್ನು ತಡೆಯಲಾರದ ಬಂದೂಕು, ಮನೆಗೆ ಬರುವ ಉಳಿದವರನ್ನೆಲ್ಲ ತಡೆಯುತ್ತದೆ. ಕೂಲಿ ಸಿಗದ ಆಳು, ಗಂಡನ ಹೊಡೆತ ತಾಳದ ಹೆಂಗಸು ಸರಿರಾತ್ರಿ ಬಡಿಯುವ ಬಾಗಿಲು ಸಂಘದ ಕಾರ್ಯಕರ್ತನದು. ಪ್ರತಿ ಸದ್ದಿಗೂ ಅವನ ಕೈ ಆಯುಧದ ಕಡೆ ಹೋಗತೊಡಗಿದರೆ ಆ ಬಾಗಿಲು ಮುಚ್ಚಿದಂತೆಯೇ. ಕೊಂದವರಿಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ?

ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಮೊಹರಂ ಬಂದರೆ ಹಿಂದೂ ಮುಸ್ಲಿಮರು ಕೂಡಿಯೇ ಅಲಾಯಿ ದೇವರಿಗೆ ಕೈ ಮುಗಿಯುತ್ತಾರೆ. ಇಮಾಮ್ ಹುಸೈನರು ಕತ್ತಿ ಹಿಡಿದವರೇ. ಆದರೆ ಕಾಳಗ ತಮ್ಮ ಕಡೆಯಿಂದ ಶುರುವಾಗಬಾರದೆಂದು ತಡೆದವರು. ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರು ಬರೆಸಿದ ಅಶೋಕ, ಧರ್ಮದ ದಾರಿ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ ಎಂದು ಅಲ್ಲಿ ಹೇಳಿಸಿದ್ದಾನೆ.

ಆದರೆ ಬೆದರಿಕೆ ಬಂದವನಿಗೆ ಬಂಡೆಯ ಬರಹ ತೋರಿಸಿ ನಾವು ಮನೆಗೆ ಹೋಗಿ ಮಲಗುವಂತಿಲ್ಲ. ಅವನಿಗೆ ಪೊಲೀಸ್ ರಕ್ಷಣೆ ಕೊಡಿಸುವುದು, ಕೊಲೆಗಾರರಿಗೆ ಶಿಕ್ಷೆಯಾಗುವವರೆಗೆ ಪಟ್ಟು ಬಿಡದಿರುವುದು ನಮ್ಮ ಹೊಣೆ. ಗೆಳೆಯನಿಗೆ ಬಂದೂಕು ಬೇಡ ಎನ್ನುವ ನಾವು, ಆ ರಾತ್ರಿ ಅವನ ಮನೆಯ ಕಟ್ಟೆಯ ಮೇಲೆ ಹಾಸಿಕೊಂಡು ಮಲಗಲು ತಯಾರಿರಬೇಕು. ಇಲ್ಲವಾದರೆ ಬೇಡ ಎನ್ನುವ ಹಕ್ಕು ನಮಗಿಲ್ಲ.