ನೂರು ಮಿಲಿಮೀಟರಿನ ಗೆರೆ

ಸಂಧಿವಾತ ಇರುವವರಿಗೆ ಬೆಳಗಿನ ಜಾವವೇ ದಿನದ ಕಷ್ಟದ ಹೊತ್ತು. ಎಚ್ಚರವಾಗಿರುತ್ತದೆ, ಬೆರಳು ಮಾತ್ರ ಮಡಚುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಲಾಗದು, ಮಗಳ ಜಡೆ ಹೆಣೆಯಲಾಗದು. ಬಿಗಿ ಸಡಿಲವಾಗಲು ಕೆಲವರಿಗೆ ಗಂಟೆಗೂ ಹೆಚ್ಚು ಬೇಕು. ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಷ್ಟರಲ್ಲಿ ಮನೆಯವರಿಗೂ ಕೇಳಿ ಕೇಳಿ ಸಾಕಾಗಿರುತ್ತದೆ.

ಇಂಥವರಿಗೆ ಯಾರಾದರೂ ಒಮ್ಮೆ ಹೇಳಿಯೇ ಹೇಳುತ್ತಾರೆ: ‘ಲೇಸರ್ ಕೊಡಿಸಿ ನೋಡಿ.’ ಕತ್ತರಿಸುವ ಲೇಸರ್ ಅಲ್ಲ ಇದು. ಸಾಮರ್ಥ್ಯ ಅರ್ಧ ವಾಟ್‌ಗಿಂತ ಕಡಿಮೆ. 1967ರಲ್ಲಿ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್, ಈ ಬೆಳಕಿನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡಲು ಇಲಿಗಳ ಬೆನ್ನು ಬೋಳಿಸಿ ಮಾಣಿಕ್ಯದ ಲೇಸರ್ ಬಿಟ್ಟರು. ಕ್ಯಾನ್ಸರ್ ಬರಲಿಲ್ಲ, ಬೋಳಿಸಿದ ಕೂದಲು ಬೇಗ ಬೇಗ ಹುಟ್ಟಿತು. ಜೀವಕೋಶದೊಳಗಿನ ಮೈಟೊಕಾಂಡ್ರಿಯ ಈ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನೂ ಹೀರಿಕೊಂಡು ಹೆಚ್ಚು ಶಕ್ತಿ ಉತ್ಪಾದಿಸುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

ಕೂದಲು ಬೆಳೆದರೆ ಕಣ್ಣಿಗೆ ಕಾಣುತ್ತದೆ. ನೋವು ಇಳಿದದ್ದನ್ನು ತಿಳಿಯುವುದು ಹೇಗೆ?

ಅದಕ್ಕೊಂದು ಕ್ರಮವಿದೆ. ನೋಡಲು ಒಂದೇ ತರಹದ ಎರಡು ಉಪಕರಣ. ಒಂದರಲ್ಲಿ ಕಿರಣ ಇದೆ, ಇನ್ನೊಂದರಲ್ಲಿ ಇಲ್ಲ. ಅವಕೆಂಪು ಕಾಣುವುದಿಲ್ಲ, ಚರ್ಮಕ್ಕೆ ಬಿಸಿಯೂ ತಟ್ಟುವುದಿಲ್ಲ. ಹಾಗಾಗಿ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಯಾವುದು ಅಸಲಿ ಎಂದು ಗೊತ್ತಾಗದು. ಇದು ಮೋಸವಲ್ಲ, ನಿಮ್ಮ ಪಾಲಿಗೆ ಖಾಲಿ ಉಪಕರಣ ಬರಬಹುದು ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರುತ್ತಾರೆ. ಚಿಕಿತ್ಸೆಗೆ ಮೊದಲೂ ಆಮೇಲೂ ರೋಗಿಯ ಮುಂದೆ ಒಂದು ಹಾಳೆ ಇಡುತ್ತಾರೆ. ಅದರ ಮೇಲೆ ನೂರು ಮಿಲಿಮೀಟರ್ ಉದ್ದದ ಗೆರೆ. ಎಡತುದಿಯಲ್ಲಿ ‘ನೋವಿಲ್ಲ’, ಬಲತುದಿಯಲ್ಲಿ ‘ಊಹಿಸಬಹುದಾದ ಅತಿ ಹೆಚ್ಚಿನ ನೋವು’. ನಿಮ್ಮ ನೋವು ಎಲ್ಲಿದೆಯೋ ಅಲ್ಲಿ ಗುರುತು ಹಾಕಿ ಎನ್ನುತ್ತಾರೆ.

ಅಷ್ಟೆಲ್ಲ ಗುಟ್ಟು ಕಾಪಾಡಿ, ಅಷ್ಟೆಲ್ಲ ಲೆಕ್ಕ ಹಾಕಿ, ಕೊನೆಗೆ ವಿಜ್ಞಾನ ಕೈಚಾಚುವುದು ನೊಂದವರ ಮಾತಿಗೆ. ಎಕ್ಸ್-ರೇ ಸವೆತವನ್ನು ತೋರಿಸೀತು, ನೋವನ್ನು ತೋರಿಸದು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದವರ ಮಾತನ್ನು ಗೌರವಿಸಬೇಕು ಎಂದು ಬರೆದೇ ಇಟ್ಟಿತು. ‘ಎಲ್ಲಾ ನಾಟಕ’ ಎಂಬ ಮಾತು ಕೇಳಿ ಕೇಳಿ ಬಂದ ಹೆಣ್ಣುಮಗಳ ಎದುರು ಒಬ್ಬರು ಕೂತು, ಅವಳು ಹಾಕಿದ ಗುರುತಿಗೆ ಸ್ಕೇಲ್ ಇಟ್ಟು ಅಳೆಯುತ್ತಾರಲ್ಲ, ಅದನ್ನು ನೆನೆದರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಖಾಲಿ ಉಪಕರಣ ಹಿಡಿಸಿಕೊಂಡವರಲ್ಲೂ ಎಷ್ಟೋ ಮಂದಿಯ ಗುರುತು ಎಡಕ್ಕೆ ಸರಿಯುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ನೋವಿಗೆ ತನ್ನದೇ ಏರಿಳಿತವಿದೆ. ಒಬ್ಬರು ಮುಟ್ಟಿ ವಿಚಾರಿಸಿದರೂ ಅದು ಇಳಿಯುತ್ತದೆ. ಅದನ್ನು ಕಳೆದು ಉಳಿದದ್ದಷ್ಟೇ ಬೆಳಕಿನ ಪಾಲು.

ಉಳಿದದ್ದೆಷ್ಟು? ಸಂಧಿವಾತದಲ್ಲಿ, ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಬೆಳಗಿನ ಬಿಗಿತ ಸರಾಸರಿ 27.5 ನಿಮಿಷ ಕಡಿಮೆಯಾಯಿತು. ಕುತ್ತಿಗೆ ನೋವಿಗೆ ಸಿಕ್ಕ ಆರಾಮ 22 ವಾರದವರೆಗೂ ಉಳಿಯಿತೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2009ರ ಸಮೀಕ್ಷೆ ಹೇಳಿತು. ಸೊಂಟನೋವಿಗೆ ಪುರಾವೆ ಸಾಲದು ಎಂಬ ತೀರ್ಮಾನ ಬಂತು. ಮಂಡಿ ಸವೆತದಲ್ಲಿ 2015ರ ಸಮೀಕ್ಷೆ ಪ್ರಯೋಜನವಿಲ್ಲ ಎಂದರೆ, 1063 ಮಂದಿಯ ಮೇಲಿನ 22 ಪರೀಕ್ಷೆಗಳನ್ನು ಕೂಡಿಸಿದ 2019ರ ಸಮೀಕ್ಷೆ ಗೆರೆಯ ಮೇಲೆ ಸುಮಾರು 14 ಮಿಲಿಮೀಟರ್ ಇಳಿತ ಕಂಡಿತು. ಬೆಳಕಿನ ಶಕ್ತಿಯನ್ನು ಜೂಲ್‌ನಲ್ಲಿ ಅಳೆಯುತ್ತಾರೆ; ಶಿಫಾರಸು ಮಾಡಿದಷ್ಟು ಜೂಲ್ ಕೊಟ್ಟಲ್ಲಿ ಇಳಿತ ಹೆಚ್ಚು. ‘ಶಾಶ್ವತ ಪರಿಹಾರ’ ಎಂದು ಬೋರ್ಡು ಹಾಕಿ ಪ್ಯಾಕೇಜ್ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು, ಫಲ ಹೀಗೆ ನೋವಿನಿಂದ ನೋವಿಗೆ ಬೇರೆಯಾಗುವುದಕ್ಕೇ. ನೊಂದವರು ಎಷ್ಟಾದರೂ ಕೊಟ್ಟಾರು. ತರಂಗಾಂತರ ಎಷ್ಟು, ಜೂಲ್ ಎಷ್ಟು ಎಂದು ಧೈರ್ಯವಾಗಿ ಕೇಳಬೇಕು. ಮಾತ್ರೆಯನ್ನೂ ವ್ಯಾಯಾಮವನ್ನೂ ಬಿಡಬಾರದು.

ಆ 1063 ಮಂದಿಯಲ್ಲಿ ಎಷ್ಟೋ ಜನಕ್ಕೆ ಸಿಕ್ಕಿದ್ದು ಖಾಲಿ ಉಪಕರಣ. ನೋಯುವ ಮಂಡಿಯಲ್ಲೇ ಬಂದು, ಕಾಲೊಡ್ಡಿ ಕೂತು, ಇಳಿಯದಿದ್ದಾಗ ಇಳಿದಿಲ್ಲ ಎಂದೇ ಗುರುತು ಹಾಕಿ ಹೋದರು. ಇಂದು ಒಬ್ಬ ಫಿಸಿಯೋಥೆರಪಿಸ್ಟ್ ಇಷ್ಟು ಜೂಲ್ ಸಾಕು ಎಂದು ಹೇಳಬಲ್ಲರಾದರೆ, ಅದರಲ್ಲಿ ಅವರ ಪಾಲೂ ಇದೆ.